ಖಾಲಿ ಎಂದು ಒಪ್ಪದ ಗಾಡಿ

ಊರಲ್ಲಿ ಅವಳ ನಂಬರು ಇಲ್ಲದ ಫೋನಿಲ್ಲ. ಹಾಗೆಂದು ಸುಮ್ಮನೆ ನಾಲ್ಕು ಮಾತಾಡೋಣವೆಂದು ಆ ನಂಬರಿಗೆ ಫೋನ್ ಮಾಡಿದವರೂ ಇಲ್ಲ. ಮನೆಯಲ್ಲೋ ಆಸ್ಪತ್ರೆಯಲ್ಲೋ ಯಾರದಾದರೂ ಉಸಿರು ನಿಂತು, ಮೊದಲ ಅಳು ಒಂದಿಷ್ಟು ತಗ್ಗಿ, ಮನೆಯವರಲ್ಲಿ ಗಟ್ಟಿ ಮನಸ್ಸಿನವರೊಬ್ಬರು ಹೊರಗೆ ಬಂದು ಗೋಡೆಗೆ ಮುಖ ಮಾಡಿ ನಿಂತಾಗ ಹುಡುಕುವ ನಂಬರು ಅದು. ಎಲ್ಲರ ಫೋನಿನಲ್ಲೂ 'ಗಾಡಿಯಕ್ಕ' ಎಂದೇ ಇದೆ. ಎದುರು ಸಿಕ್ಕರೆ ಜನ ನಗುತ್ತಾರೆ, ಮಗಳು ಚೆನ್ನಾಗಿದಾಳಾ ಎನ್ನುತ್ತಾರೆ. ಆದರೆ ಅವಳ ಗಾಡಿ ತಮ್ಮ ಮನೆ ಮುಂದೆ ನಿಂತರೆ ಮಾತ್ರ, ಅದು ಪಂಕ್ಚರ್ ಆಗಿ ನಿಂತಿದ್ದರೂ ಸರಿ, "ಸ್ವಲ್ಪ ಮುಂದಕ್ಕೆ ಹಾಕ್ಕೊಳ್ಳಮ್ಮ" ಎಂದು ಬಾಗಿಲಿಗೇ ಬಂದು ಹೇಳುತ್ತಾರೆ.

ಗಾಡಿ ಹಳೆಯ ಪಿಕಪ್ಪು. ಒಂದು ಕಾಲಕ್ಕೆ ಬಿಳಿ. ಈಗ ಎಡಬಾಗಿಲು ಒಂದು ಬಣ್ಣ, ಬಲಬಾಗಿಲು ಇನ್ನೊಂದು. ಅದನ್ನು ಕೊಂಡವನೂ ಈ ಕೆಲಸಕ್ಕೆ ಹಚ್ಚಿದವನೂ ಅವಳ ಗಂಡ. ಮೊದಲು ಅವನು ಗುಡ್ಡದ ಮೇಲಿನ ಕ್ರಷರಿನಲ್ಲಿ ಕಲ್ಲುಪುಡಿ ಸಾಗಿಸುವ ಲಾರಿ ಓಡಿಸುತ್ತಿದ್ದ. ಮನೆಗೆ ಬಂದಾಗ ಹುಬ್ಬಿನ ಮೇಲೆಲ್ಲ ಬೂದಿ ಬಳಿದಂತೆ ಇರುತ್ತಿತ್ತು. ಕ್ರಷರು ಮುಚ್ಚಿತು. ಅದರ ಪುಡಿ ಮಾತ್ರ ಅವನ ಎದೆಯಲ್ಲಿ ಉಳಿದುಕೊಂಡಿತು. ಪಿಕಪ್ಪು ತಂದ ಹೊಸದರಲ್ಲಿ ಮಂಚ, ಬೀರು, ಸಿಮೆಂಟು ಎಲ್ಲ ಹೊತ್ತ. ಒಮ್ಮೆ ಪಕ್ಕದ ಬೀದಿಯ ಮುದುಕರೊಬ್ಬರು ತೀರಿಕೊಂಡಾಗ ಯಾವ ಗಾಡಿಯವರೂ ಒಪ್ಪಲಿಲ್ಲ, ಇವನು ಒಪ್ಪಿದ. ಅಲ್ಲಿಂದ ಮುಂದೆ ಮಂಚ-ಬೀರುಗಳವರು ತಾವಾಗಿಯೇ ದೂರವಾದರು.

ಆಸ್ಪತ್ರೆಯವರು ಫೋನಿನಲ್ಲಿ "ಬಾಡಿ ಇದೆ ಬಾರಪ್ಪ" ಎನ್ನುವರು. ಬೇರೆ ಡ್ರೈವರುಗಳು "ಇವತ್ತು ಲೋಡ್ ಸಿಕ್ತಾ?" ಎಂದು ಚುಡಾಯಿಸುವರು. ಅವನು ಎರಡು ಮಾತನ್ನೂ ಬಾಯಲ್ಲಿ ಆಡಿದವನಲ್ಲ. "ಅವರು" ಎನ್ನುತ್ತಿದ್ದ. "ಅವರನ್ನ ಕರ್ಕೊಂಡು ಬರ್ತೀನಿ." ಹಸುಗೂಸಾದರೂ ಅವರೇ, ಕುಡಿದು ಚರಂಡಿಗೆ ಬಿದ್ದು ಸತ್ತವನಾದರೂ ಅವರೇ. ಮದುವೆಯಾದ ಹೊಸದರಲ್ಲಿ ಅವಳೊಮ್ಮೆ ಬಾಯಿ ತಪ್ಪಿ "ಲೋಡ್ ಇಳಿಸಿ ಬೇಗ ಬನ್ನಿ" ಅಂದಿದ್ದಕ್ಕೆ ಅವನು ಆ ದಿನವಿಡೀ ಮಾತು ಬಿಟ್ಟಿದ್ದ.

ರಸ್ತೆ ಪಕ್ಕದ ಹಳೆಯ ಸ್ಮಶಾನ ತುಂಬಿಹೋಗಿ ಗೇಟಿಗೆ ಬೀಗ ಬಿದ್ದಾಗ ಹೊಸ ಜಾಗ ಸಿಕ್ಕಿದ್ದು ಗುಡ್ಡದ ಮೇಲೆ, ಅದೇ ಮುಚ್ಚಿದ ಕ್ರಷರಿನ ಹಿಂದೆ. ದಾರಿಯ ಮುಕ್ಕಾಲು ಪಾಲು ಹೇಗೋ ಸಾಗುತ್ತದೆ. ಕೊನೆಯ ತಿರುವಿನಲ್ಲಿ ಬಂಡೆಯೊಂದು ದಾರಿಗೆ ಅಡ್ಡವಾಗಿ ಬೆನ್ನೆಬ್ಬಿಸಿ ಮಲಗಿದೆ. ಮುಂದಿನ ಚಕ್ರ ಹತ್ತಿ ಇಳಿಯುತ್ತದೆ, ಹಿಂದಿನದು ಇನ್ನೂ ಹತ್ತಿರುವುದಿಲ್ಲ. ಅಷ್ಟರಲ್ಲಿ ಗಾಡಿಯ ಹೊಟ್ಟೆ, ಅಂದರೆ ಗೇರ್‌ಬಾಕ್ಸ್ ಹೊತ್ತ ಕಬ್ಬಿಣದ ಅಡ್ಡಪಟ್ಟಿ, ಬಂಡೆಗೆ ಬಡಿಯುತ್ತದೆ. ಧಡ್! ಹಿಂದೆ ಕೂತವರೆಲ್ಲ ಒಮ್ಮೆ ಮೇಲಕ್ಕೆದ್ದು ಬೀಳುತ್ತಾರೆ. ಮಲಗಿದವರೂ.

ಅದಕ್ಕೇ ಅವನು ತಿರುವು ಬಂದೊಡನೆ ಕಿಟಕಿಯಿಂದ ತಲೆ ಹೊರಹಾಕಿ, "ಬಂಡೆ ಬಂತು, ಸ್ವಲ್ಪ ತಡ್ಕೊಳ್ಳಿ" ಎನ್ನುತ್ತಿದ್ದ. ಕೂತವರು ತಮಗೆ ಹೇಳಿದ್ದೆಂದುಕೊಂಡು ಕಂಬಿ ಹಿಡಿಯುತ್ತಿದ್ದರು. ಅವನು ಹೇಳುತ್ತಿದ್ದುದು ಯಾರಿಗೆಂದು ಅವಳಿಗೆ ಮಾತ್ರ ಗೊತ್ತಿತ್ತು. ಒಂದು ಸಲ, ಹರೆಯದ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಆ ಧಡ್ ಸದ್ದಿಗೆ ಮಗನ ತಲೆ ಅವಚಿಕೊಂಡು "ನೋವಾಯ್ತಾ ಕಂದಾ?" ಎಂದು ಕಿರುಚಿದಳಂತೆ. ಆ ಸಂಜೆ ಮನೆಗೆ ಬಂದವನು ಊಟ ಮುಟ್ಟಲಿಲ್ಲ. "ಗಾಡಿ ಎತ್ತರಿಸ್ಬೇಕು ಕಣೇ" ಎಂದ. ಅಂದದ್ದೇ ಬಂತು. ಅಷ್ಟರಲ್ಲಿ ಅವನಿಗೇ ಏದುಸಿರು ಶುರುವಾಗಿತ್ತು. ಸ್ಟೇರಿಂಗ್ ತಿರುಗಿಸಿದರೂ ಕೆಮ್ಮು. ಅವಳು ಅವನ ಪಕ್ಕ ಕೂತು ಗಾಡಿ ಕಲಿತಳು, ಆಮೇಲೆ ಅವನು ಪಕ್ಕ ಕೂರುವುದನ್ನೂ ಬಿಟ್ಟ.

ದೊಡ್ಡಾಸ್ಪತ್ರೆಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಕೊನೆಗೆ "ಮನೆಗೆ ಕರ್ಕೊಂಡು ಹೋಗಿ, ಚೆನ್ನಾಗಿ ನೋಡ್ಕೊಳ್ಳಿ" ಎಂದರು. ಆ ಮಾತು ಕೇಳಿ ಬಂದವರಲ್ಲಿ ಎಷ್ಟು ಮಂದಿಯನ್ನು ಆಮೇಲೆ ತಾನೇ ಗಾಡಿಯಲ್ಲಿ ಮಲಗಿಸಿಕೊಂಡು ಹೋಗಿದ್ದಾಳೆ ಅವಳು! ಅರ್ಥವಾಗದೆ ಏನು?

ಅವನ ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದರು. ಕಿಟಕಿಯಾಚೆ ಗಾಡಿ. ದಿಂಬಿನ ಮೇಲೆ ಮೊಣಕೈ ಊರಿ ಮುಂದಕ್ಕೆ ಬಾಗಿ ಕೂತರೆ ಮಾತ್ರ ಉಸಿರು ಸರಾಗ. ಹಾಗೆ ಕೂತು ದಿನವಿಡೀ ಗಾಡಿಯನ್ನೇ ನೋಡುತ್ತಿದ್ದ. ಒಂದು ಬೆಳಿಗ್ಗೆ, ಅವಳು ಮಗಳ ತಲೆ ಬಾಚುತ್ತಿರುವಾಗ, ಹಳೆಯ ಮಾತು ಮತ್ತೆ ತೆಗೆದ.

"ಗಾಡಿ ಎತ್ತರಿಸ್ಬಿಡೋಣ."

ಬಾಚಣಿಗೆ ಅಲ್ಲೇ ನಿಂತಿತು. ಈಗ ಯಾಕೆ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮಗಳೊಬ್ಬಳೇ "ಅಮ್ಮಾ, ಕೂದಲು ಎಳೀತಿದೆ" ಅಂದಳು.

"ಸರಿ, ಎತ್ತರಿಸೋಣ. ಏನೇನು ಬೇಕು ಹೇಳಿ" ಎಂದಳು ಅವಳು.

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಮಲಗಿರೋನಿಗೆ ಗಾಡಿ ಚಿಂತೆ. ಗಾಡಿ ಎತ್ರ ಆದ್ರೆ ಎದೆ ಒಳಗಿನ ಪುಡಿ ಉದುರುತ್ತಾ?"

"ಅಮ್ಮಾ, ನಿನ್ನ ಸೊಂಟ ಹಿಡ್ಕೊಂಡಿದ್ಯಲ್ಲ, ಅದನ್ನೂ ಜಾಕಿ ಕೊಟ್ಟು ಎತ್ತಿಸಿಬಿಡ್ತೀನಿ, ಸುಮ್ನಿರು" ಎಂದ ಅವನು. ನಗಲು ಹೋಗಿ ಕೆಮ್ಮು ಹತ್ತಿ, ಆ ಬೆಳಗಿನ ಮಾತು ಅಲ್ಲಿಗೇ ಮುಗಿಯಿತು.

ಕಮಾನು ಪಟ್ಟಿ ಕೆಲಸದ ಮೇಸ್ತ್ರಿಯ ಗ್ಯಾರೇಜು ಬಸ್‌ಸ್ಟ್ಯಾಂಡಿನ ಹಿಂದೆ. ಲಾರಿಗಳ ಬಗ್ಗಿದ ಉಕ್ಕಿನ ಪಟ್ಟಿಗಳು ಗೋಡೆಯುದ್ದಕ್ಕೂ ಒರಗಿಕೊಂಡಿರುತ್ತವೆ, ನೆಲದ ಮಣ್ಣೆಲ್ಲ ಎಣ್ಣೆ ಕುಡಿದು ಕಪ್ಪು ರಬ್ಬರಿನಂತಾಗಿದೆ. ಮೇಸ್ತ್ರಿ ಒಳ್ಳೆಯವನು, ಗಟ್ಟಿ ಗಂಟಲಿನವನು, ಒಂದು ಕಿವಿ ಮಂದ. ಅವಳು ವಿಷಯ ಹೇಳಿದ್ದೇ ತಡ, ಇಡೀ ಬೀದಿಗೆ ಕೇಳುವಂತೆ ಕೂಗಿದ.

"ಬಾಡಿ ಎಷ್ಟು ಎತ್ಬೇಕಕ್ಕಾ?"

ಪಕ್ಕದಲ್ಲಿ ಸ್ಕೂಟರಿಗೆ ಗಾಳಿ ಹಾಕಿಸುತ್ತಿದ್ದವರು ಅವಳ ಮುಖವನ್ನೂ ಗಾಡಿಯನ್ನೂ ನೋಡಿ, ಅರ್ಧ ಗಾಳಿಯಲ್ಲೇ ಹೊರಟುಹೋದರು.

"ಗಾಡಿ ಬಾಡಿ ಕಣ್ರೀ ಮೇಸ್ತ್ರಿ, ಗಾಡೀದು!" ಎಂದು ಅವಳೂ ಕೂಗಬೇಕಾಯಿತು. ಎಷ್ಟೋ ದಿನಗಳ ಮೇಲೆ ಅವಳಿಗೆ ನಗು ಬಂತು.

"ಅದೇ ನಾನೂ ಕೇಳಿದ್ದು. ಲೋಡು ಎಷ್ಟು ಹಾಕ್ತೀರಾ?"

ನಗು ಅಲ್ಲಿಗೆ ನಿಂತಿತು. ಗಂಡನಿಗೆ ಕೇಳಿಸಿಬಿಡುತ್ತದೇನೋ ಎಂಬಂತೆ ತಗ್ಗಿದ ದನಿಯಲ್ಲಿ, "ಲೋಡ್ ಅಲ್ಲ. ಅವರೊಬ್ರು, ಜೊತೆಗೆ ಮನೆಯೋರು ಒಂದು ನಾಲ್ಕು ಜನ. ಅಷ್ಟೇ" ಎಂದಳು.

ಮೇಸ್ತ್ರಿ ಕೇಳಿಸಿಕೊಂಡವನಂತೆ ತಲೆ ಆಡಿಸಿದ. ಕೆಳಗೆ ನುಸುಳಿ ಟಾರ್ಚ್ ಬಿಟ್ಟು ನೋಡಿ ಬಂದು, ಇರುವ ದಾರಿಗಳನ್ನು ಹೇಳಿದ. ಮುಂದಿನದಕ್ಕೆ ಹೊಸದೇನೂ ಬೇಡ, ಅಡಿಯಲ್ಲಿರುವ ಸರಳಿನ ಬೋಲ್ಟು ಬಿಗಿ ಮಾಡಿದರೆ ಮೂತಿ ತಾನೇ ಏಳುತ್ತದೆ. ಹಿಂದಿನದಕ್ಕೆ ಮೂರು ಬಗೆ. ಅಚ್ಚಿಗೂ ಕಮಾನು ಪಟ್ಟಿಗೂ ನಡುವೆ ಕಬ್ಬಿಣದ ಬ್ಲಾಕು ಇಡಬಹುದು. ಪಟ್ಟಿಯ ತುದಿ ತೂಗುಹಾಕಿದ ಶ್ಯಾಕಲ್ಲನ್ನು ಉದ್ದದ್ದಕ್ಕೆ ಬದಲಿಸಬಹುದು. ಇಲ್ಲವೇ ಇರುವ ಪಟ್ಟಿಗಳ ಜೊತೆ ಇನ್ನೊಂದು ಪಟ್ಟಿ ಸೇರಿಸಬಹುದು. "ಅಣ್ಣನ್ನೇ ಕೇಳಿ. ನನಗಿಂತ ಅವರಿಗೇ ಗೊತ್ತು ಆ ಗಾಡಿ ಜಾತಕ" ಎಂದು ಎಲ್ಲದರಲ್ಲೂ ಒಂದೊಂದನ್ನು ಗೋಣಿಚೀಲಕ್ಕೆ ತುಂಬಿ ಕೊಟ್ಟ.

ಹೀಗೆ ಆ ಮಧ್ಯಾಹ್ನ ಮಂಚದ ಮೇಲೆ, ಮಾತ್ರೆಯ ಡಬ್ಬಿ, ಕಫದ ಬಟ್ಟಲುಗಳ ಪಕ್ಕದಲ್ಲಿ, ಹಳೆಯ ಸೀರೆ ಹಾಸಿ ಗಾಡಿಯ ಸಾಮಾನು ಹರಡಿದರು. ಅವನ ಕಣ್ಣಿಗೆ ಕಳೆ ಬಂತು. ಬ್ಲಾಕನ್ನು ಎರಡೂ ಕೈಯಲ್ಲಿ ಎತ್ತಿದ. ಎರಡು ಬೆರಳು ದಪ್ಪದ್ದೊಂದು, ನಾಲ್ಕು ಬೆರಳಿನದೊಂದು. ನಾಲ್ಕು ಬೆರಳಿನದು ಕೈಯಿಂದ ಜಾರಿ ಹಾಸಿಗೆಗೆ ಬಿತ್ತು. ಇಬ್ಬರೂ ಅದನ್ನು ನೋಡದವರಂತೆ ಇದ್ದರು.

"ದೊಡ್ಡದು ಬೇಡ. ಅಚ್ಚು ತಿರುಚಿಕೊಳ್ಳುತ್ತೆ, ಏರಲ್ಲಿ ಒದೆಯುತ್ತೆ. ಎರಡು ಚಿಕ್ಕದು ಒಂದರ ಮೇಲೊಂದು ಇಡೋಣ ಅಂತಾನೆ ಮೇಸ್ತ್ರಿ, ಒಪ್ಪಬೇಡ. ಒಂದೇ ಇರ್ಲಿ. ಯು-ಬೋಲ್ಟ್ ಹೊಸದು ಉದ್ದದ್ದೇ ತಗೋ, ಬ್ರೇಕ್ ಎಣ್ಣೆಯ ಹೋಸೂ ಉದ್ದದ್ದು. ಗಾಡಿ ಎದ್ದ ಮೇಲೆ ಹಳೇದು ಹಗ್ಗದ ಹಾಗೆ ಬಿಗಿಯುತ್ತೆ."

"ಶ್ಯಾಕಲ್?"

"ಎರಡು ಬೆರಳು ಉದ್ದದ್ದು. ಅದರಿಂದ ಗಾಡಿ ಏಳೋದು ಒಂದೇ ಬೆರಳು, ಅದರ ಸ್ವಭಾವವೇ ಅಷ್ಟು. ಒಟ್ಟು ಮೂರು ಬೆರಳು. ಸಾಕು."

"ಇನ್ನೊಂದು ಬೆರಳು ಇದ್ರೆ ಬಂಡೆಗೆ ಧೈರ್ಯ ಅಲ್ವಾ?"

ಅವನು ಕಿಟಕಿಯಾಚೆ ಕೈ ತೋರಿಸಿದ. "ಹೋಗಿ ಗಾಡಿ ಹಿಂದೆ ನಿಲ್ಲು. ಸ್ಟ್ರೆಚರ್ ಹಿಡಿದ ಹಾಗೆ ಕೈ ಮಾಡು."

ಅವಳು ಹೋಗಿ ನಿಂತಳು. ಗಾಡಿಯ ಹಿಂದಿನ ತೊಟ್ಟಿಯ ಅಂಚು ಅವಳ ಸೊಂಟಕ್ಕಿಂತ ತುಸು ಮೇಲೆ.

"ಮೂರು ಬೆರಳಷ್ಟು ಎತ್ತು ಕೈನ. ಇನ್ನೂ ಒಂದು... ಭುಜ ಏಳ್ತಾ ಇದೆ ನೋಡು. ಅಲ್ಲಿಂದ ಮೇಲೆ ಮನುಷ್ಯರ ಕೈಯಲ್ಲಿ ಆಗಲ್ಲ. ಈಗ ಎತ್ತೋಕೆ ಜನ ಎಲ್ಲಿ ಬರ್ತಾರೆ? ಇಬ್ಬರು ಬರ್ತಾರೆ, ಅದ್ರಲ್ಲಿ ಒಬ್ಬರಿಗೆ ಬೆನ್ನು ನೋವು." ಒಂದಿಷ್ಟು ಉಸಿರೆಳೆದುಕೊಂಡು, "ಗಾಡಿ ಬಂಡೆಗಷ್ಟೇ ಅಲ್ಲ ಕಣೇ, ಎತ್ತೋರ ಕೈಗೂ ಹೊಂದ್ಬೇಕು" ಎಂದ.

ಇನ್ನು ಉಳಿದದ್ದು ಪಟ್ಟಿ. ಅದನ್ನವನು ಮುಟ್ಟಲೂ ಇಲ್ಲ. ಭಾರ ಹೊರುವ ಗಾಡಿಗೆ ಅದು ಸರಿ. ಹಗುರದವರು ಮಲಗಿದರೆ ಆ ಉಕ್ಕು ಬಗ್ಗುವುದೇ ಇಲ್ಲ, ಎತ್ತಿ ಎತ್ತಿ ಎಸೆಯುತ್ತದೆ. "ಸತ್ತೋರಿಗೆ ಏನು ಭಾರ ಇರುತ್ತೆ ಹೇಳು?" ಎಂದ. ಅಂದ ಮೇಲೆ ಅವಳ ಮುಖ ಹೇಗೆ ನೋಡುವುದೆಂದು ತಿಳಿಯದೆ ಮಗಳನ್ನು ಕರೆದು ಅವಳ ಕೈಗೆ ಎರಡು ವಾಷರು ಕೊಟ್ಟ. ಮಗಳು ಅವೆರಡನ್ನೂ ಕಿವಿಗೆ ಹಿಡಿದು, ಓಲೆ ಎಂದಳು.

ಕೆಲಸ ಮುಗಿದು ಗಾಡಿ ಮನೆಗೆ ಬಂದಾಗ ಗೇಟಿನಾಚೆಯಿಂದಲೇ ಬೇರೆ ಗಾಡಿಯಂತೆ ಕಂಡಿತು. ಗತ್ತು ಬಂದಿತ್ತು. ಮುಸುಡಿ ಎತ್ತಿ, ಎದೆ ಸೆಟೆದು ನಿಂತಿತ್ತು. ಅವನು ಕಿಟಕಿಯಿಂದ ನೋಡಿಯೇ ನೋಡಿ, "ಟ್ರಯಲ್ ನೋಡ್ಬೇಕು. ನಾನು ಹಿಂದೆ ಮಲಗ್ತೀನಿ" ಎಂದ.

ಅತ್ತೆ ಸೌಟು ಹಿಡಿದುಕೊಂಡೇ ಬಂದರು. "ಬಾಯಲ್ಲಿ ಹುಳ ಬೀಳ! ಬದುಕಿರೋನು ಅದ್ರಲ್ಲಿ ಮಲಗ್ತೀನಿ ಅಂತೀಯಲ್ಲೋ. ನಾನಿನ್ನೂ ಇದೀನಿ, ಕಣ್ಣಿಗೆ ಕಾಣ್ತಿಲ್ವಾ?"

"ಹಾಗಾದ್ರೆ ನೀನೇ ಮೊದ್ಲು ಮಲಗ್ತೀಯಾ? ಹಿರಿಯರು, ಹಕ್ಕು ನಿಂದೇ."

"ಥೂ, ಮುಂಡೇದೆ!" ಎಂದು ಅತ್ತೆ ಅಳುತ್ತಾ ಒಳಗೆ ಹೋದರು. ಐದು ನಿಮಿಷಕ್ಕೆ ದಿಂಬು, ಕಂಬಳಿ ಎತ್ತಿಕೊಂಡು ಬಂದು, ಯಾರೊಂದಿಗೂ ಮಾತಾಡದೆ ಸ್ಟೂಲು ಇಟ್ಟು ಗಾಡಿ ಹತ್ತಿ, ಸ್ಟ್ರೆಚರಿನ ತಲೆಯ ಕಡೆ ಕೂತುಬಿಟ್ಟರು. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಗಾಡಿ ತಂದ ಮೇಸ್ತ್ರಿಯೂ ಅವಳೂ ಹಿಡಿದು ಅವನನ್ನು ಮಲಗಿಸಿದರು. ಮಲಗಿದರೆ ಉಸಿರು ಕಟ್ಟುತ್ತದೆಂದು ಅರ್ಧ ಒರಗಿಸಿದರು.

ಅವಳು ಆವರೆಗೆ ಎಷ್ಟು ಸಲ ಆ ಗುಡ್ಡ ಹತ್ತಿದ್ದಳೋ! ಅಂದು ಮಾತ್ರ ಬುಡದಿಂದಲೇ ಒಂದನೇ ಗೇರಿನಲ್ಲಿ ಹತ್ತಿಸಿದಳು. ಬಂಡೆಯ ಮೇಲೆ ಮುಂದಿನ ಚಕ್ರ ಹತ್ತಿ ಇಳಿಯಿತು. ಧಡ್ ಸದ್ದಿಗೆ ಕಾದ ಅವಳ ಹಲ್ಲುಗಳು ಕಚ್ಚಿಕೊಂಡವು. ಸದ್ದು ಬರಲಿಲ್ಲ. ಆದರೆ ಹಿಂದಿನ ಚಕ್ರ ಬಂಡೆ ದಾಟಿದ್ದೇ ಗಾಡಿಯ ಹಿಂಭಾಗ ಹೋತದ ಹಾಗೆ ಎಗರಿತು. ಅತ್ತೆ ಕೂಗಿಕೊಂಡರು. ಅವಳು ಗಾಬರಿಯಾಗಿ ಬ್ರೇಕ್ ಒತ್ತಿದಳು. ಗಾಡಿ ಮೂತಿ ಊರಿತೇ ಹೊರತು ನಿಲ್ಲಲಿಲ್ಲ, ಬಂಡೆಯಾಚೆಯ ತಗ್ಗಿನತ್ತ ಬಹಳ ದೂರ ಸರಿದು ನಿಂತಿತು.

ಇಳಿದು ಓಡಿದರೆ, ಅವನು ಸ್ಟ್ರೆಚರಿನಿಂದ ಅರ್ಧ ಜಾರಿ ಅತ್ತೆಯ ಮಡಿಲಿಗೆ ಬಿದ್ದಿದ್ದ. ಕೆಮ್ಮು ನಿಲ್ಲುತ್ತಿರಲಿಲ್ಲ. ಟವೆಲ್ಲಿನಲ್ಲಿ ರಕ್ತ. ಎಷ್ಟೋ ಹೊತ್ತಿನ ಮೇಲೆ ಮಾತು ಹೊರಬಂತು.

"ಹೊಟ್ಟೆ ಬಡೀಲಿಲ್ಲ... ಒಳ್ಳೇದಾಯ್ತು. ಪಟ್ಟಿ ಎಣಿಸು."

ಅವಳು ಬಗ್ಗಿ ಎಣಿಸಿದಳು. ಒಂದು ಹೆಚ್ಚಿತ್ತು.

ಜೊತೆಗೆ ಬಂದಿದ್ದ ಮೇಸ್ತ್ರಿ ಕೈ ಹಿಸುಕಿಕೊಂಡ. "ಅಕ್ಕಾ, ತಪ್ಪು ತಿಳ್ಕೋಬೇಡಿ. ನನ್ನ ಹತ್ರ ಬಂದ ಯಾವ ಗಾಡಿಯೋರು ಲೋಡಿನ ವಿಷಯದಲ್ಲಿ ನಿಜ ಹೇಳಿದಾರೆ? ಒಂದು ಟನ್ ಅಂದೋರು ಎರಡು ಹಾಕ್ತಾರೆ, ಆಮೇಲೆ ಪಟ್ಟಿ ಮುರೀತು ಅಂತ ನನ್ನನ್ನೇ ಬೈತಾರೆ. ಏನಂದ್ರೂ ಅದರ ಡಬಲ್ ಅಂತ ಒಂದು ಪಟ್ಟಿ ಕೈ ತಾನೇ ಸೇರಿಸಿಬಿಡುತ್ತೆ. ನೀವು ನಾಲ್ಕು ಜನ ಅಂದ್ರಿ, ನಾನು..."

"ನಾವು ಸುಳ್ಳು ಹೇಳಿರ್ಲಿಲ್ಲ ಮೇಸ್ತ್ರಿ" ಎಂದಳು ಅವಳು.

"ಅವನನ್ನ ಬಿಡು" ಎಂದ ಅವನು. ಒಂದೊಂದು ಮಾತಿಗೂ ಉಸಿರು ಕೂಡಿಸಬೇಕಿತ್ತು. "ಬ್ರೇಕ್ ನೋಡಿದ್ಯಾ? ಹಿಂದಿನ ಚಕ್ರ ಹಿಡೀಲೇ ಇಲ್ಲ. ಅಚ್ಚಿಂದ ಚಾಸಿಗೆ ಒಂದು ಸಣ್ಣ ಕಡ್ಡಿ ಇದೆ. ತೊಟ್ಟಿ ಕೆಳಗೆ ಕೂತ್ರೆ ಭಾರ ಇದೆ ಅಂತ ಹಿಂದೆ ಬ್ರೇಕ್ ಜಾಸ್ತಿ ಬಿಡುತ್ತೆ. ತೊಟ್ಟಿ ಮೇಲಿದ್ರೆ ಖಾಲಿ ಅಂತ ಕಮ್ಮಿ ಬಿಡುತ್ತೆ. ನಾವು ಎತ್ತರಿಸಿದ್ವಲ್ಲ... ನಾನು ಮಲಗಿದ್ದೀನಿ, ಅಮ್ಮ ಕೂತಿದ್ದಾಳೆ, ಆದ್ರೂ ಗಾಡಿ ಖಾಲಿ ಅಂದ್ಕೊಂಡಿದೆ." ಸ್ವಲ್ಪ ನಕ್ಕ. "ಲೆಕ್ಕಕ್ಕೇ ತಗೊಂಡಿಲ್ಲ ನನ್ನ."

ಆ ದಿನದ ಮೇಲೆ ಅವನು ಮಂಚ ಬಿಟ್ಟು ಏಳಲಿಲ್ಲ. "ಆ ಟ್ರಯಲ್ಲೇ ತಿಂತು ಅವನ್ನ" ಎಂದು ಅತ್ತೆ ಬಂದವರಿಗೆಲ್ಲ ಹೇಳಿದರು. ಅವಳು ಅವನ ಬಾಯಿ ಒರೆಸಿದಳು, ಬೆನ್ನು ಒತ್ತಿದಳು, ಮಗಳಿಗೆ ಉಣಿಸಿದಳು. ಮಧ್ಯೆ ಫೋನ್ ಬಂದರೆ ಎತ್ತಿ, ಗಾಡಿ ರಿಪೇರಿಗೆ ಬಿಟ್ಟಿದೆ ಎಂದಳು. ಅದು ಸುಳ್ಳೇನೂ ಆಗಿರಲಿಲ್ಲ.

ಗ್ಯಾರೇಜಿಗೆ ಈ ಸಲ ಅವಳು ಗಾಡಿ ಬಿಟ್ಟು ಬರಲಿಲ್ಲ. ತಾನೂ ಕೂತಳು, ಮಗಳನ್ನು ತೊಡೆಯ ಮೇಲಿಟ್ಟುಕೊಂಡು. ಹೆಚ್ಚಿನ ಪಟ್ಟಿಯನ್ನು ತನ್ನ ಕಣ್ಣೆದುರೇ ಬಿಚ್ಚಿಸಿದಳು. ಒಂದೇ ಬ್ಲಾಕು, ಎರಡು ಬೆರಳಿನದು. ಶ್ಯಾಕಲ್ಲು, ಹೊಸ ಬೋಲ್ಟು. ಹೋಸ್ ಎಲ್ಲಿಯೂ ಉಜ್ಜುತ್ತಿಲ್ಲವೆಂದು ಬೆರಳಾಡಿಸಿ ನೋಡಿದಳು. ಬ್ರೇಕಿನ ಆ ಕಡ್ಡಿಯ ವಿಷಯಕ್ಕೆ ಬಂದಾಗ ಮೇಸ್ತ್ರಿ ತಲೆ ಕೆರೆದುಕೊಂಡ. ಎತ್ತರಿಸಿದ ಗಾಡಿಗೆ ಕಡ್ಡಿಯನ್ನೂ ಎತ್ತರಿಸಿ ಕೂರಿಸುವ ತುಂಡೊಂದು ಬರುತ್ತದೆ. ಈ ಹಳೆಯ ಮಾದರಿಗೆ ಅದು ಯಾವ ಅಂಗಡಿಯಲ್ಲೂ ಇರಲಿಲ್ಲ. ಮೇಸ್ತ್ರಿ ಎಲ್ಲ ಕಡೆ ಫೋನ್ ಮಾಡಿ, ಕೊನೆಗೆ ದಪ್ಪ ತಂತಿ ತಂದು ಕಡ್ಡಿಯನ್ನು ಭಾರದ ಕಡೆಗೆ ಎಳೆದು ಬಿಗಿದು ಕಟ್ಟಿದ.

"ನೋಡಿ ಅಕ್ಕಾ. ಇನ್ಮೇಲೆ ಈ ಗಾಡಿಗೆ ಯಾವಾಗ್ಲೂ ಹಿಂದೆ ಯಾರೋ ಇದಾರೆ ಅಂತ್ಲೇ ಲೆಕ್ಕ. ತುಂಬಿದಾಗ ಬ್ರೇಕ್ ಚೆನ್ನಾಗಿ ಹಿಡಿಯುತ್ತೆ. ಆದ್ರೆ ಖಾಲಿ ಬರುವಾಗ, ಇಳಿಜಾರಲ್ಲಿ, ಜೋರಾಗಿ ತುಳೀಬೇಡಿ. ಹಿಂದಿನ ಚಕ್ರ ಕಚ್ಚಿಕೊಂಡು ಜಾರುತ್ತೆ. ಆ ತುಂಡು ಸಿಗೋವರೆಗೆ ಹೀಗೇ."

ಮತ್ತೆ ಟ್ರಯಲ್ಲು ಆಗಬೇಕಿತ್ತು. ಅವನನ್ನು ಕೇಳುವಂತಿರಲಿಲ್ಲ. ಅಕ್ಕಿ ಮೂಟೆ ಇಟ್ಟು ನೋಡೋಣವೆಂದು ಅವಳು ಯೋಚಿಸುತ್ತಿರುವಾಗ, ಅತ್ತೆ ಕೋಣೆಯಿಂದ ಚಪ್ಪಲಿ ಮೆಟ್ಟಿಕೊಂಡು ಬಂದರು.

"ನಾನು ಮಲಗ್ತೀನಿ. ನಡಿ."

"ಅತ್ತೆ, ನಿಮ್ಮ ಸೊಂಟ..."

"ಸೊಂಟ ಇರ್ಲಿ. ನಿನ್ನೆ ಅವನ್ನ ಎತ್ತಿ ಕೂರಿಸ್ದಾಗ ನೋಡ್ದೆ. ಈಗ ಅವನು ನನ್ನಷ್ಟೇ ಇದಾನೆ. ನನಗಿಂತ ಕಮ್ಮಿಯೇ ಇರ್ಬೇಕು." ಸೆರಗಿನಿಂದ ಮೂಗು ಒರೆಸಿಕೊಂಡರು. "ಮೂಟೆಗೆ ಮೈ ಕೈ ನೋವು ಗೊತ್ತಾಗುತ್ತಾ? ಗೊತ್ತಾದ್ರೂ ಹೇಳುತ್ತಾ?"

ಅವರನ್ನು ಅದೇ ತಗಡಿನ ಸ್ಟ್ರೆಚರಿನ ಮೇಲೆ, ಅದೇ ಕಂಬಳಿ ಹಾಸಿ ಮಲಗಿಸಿದಳು. ಎಷ್ಟೋ ಮನೆಗಳ ಮುಂದೆ ಎಷ್ಟೋ ಜನರಿಗೆ ಮಾಡಿದ ಹಾಗೆ ಸ್ಟ್ರೆಚರಿನ ಬೆಲ್ಟು ಬಿಗಿದಳು, ಅತಿ ಬಿಗಿಯಾಯಿತೇ ಎಂದು ಬೆರಳು ತೂರಿಸಿ ನೋಡಿದಳು. ಅತ್ತೆ ಕಣ್ಣು ಮುಚ್ಚಲಿಲ್ಲ. ಆಕಾಶವನ್ನು ದಿಟ್ಟಿಸುತ್ತಾ ಮಲಗಿದ್ದರು. ಮೇಲೆ ಬಿಸಿಲು. ಮುಖಕ್ಕೆ ಬಟ್ಟೆ ಮುಚ್ಚಲೇ ಎಂದು ಕೇಳಹೋಗಿ ಅವಳು ನಾಲಿಗೆ ಕಚ್ಚಿಕೊಂಡಳು.

ಗುಡ್ಡದ ಏರು, ಮುಚ್ಚಿದ ಕ್ರಷರಿನ ತುಕ್ಕು ಹಿಡಿದ ಕಂಬಗಳು, ಕೊನೆಯ ತಿರುವು. ಒಂದನೇ ಗೇರು. ಎಡಚಕ್ರ ಬಂಡೆಯ ಬೋಳು ಜಾಗಕ್ಕೆ, ಬಲಚಕ್ರ ಬಿರುಕಿನ ಪಕ್ಕಕ್ಕೆ. ಮೂತಿ ಎದ್ದಿತು, ಇಳಿಯಿತು. ಹಿಂಭಾಗ ಎದ್ದಿತು, ದೋಣಿಯ ಹಾಗೆ ಒಮ್ಮೆ ತೂಗಿ ಇಳಿಯಿತು. ಅಷ್ಟೇ. ಸ್ಮಶಾನದ ಗೇಟಿನ ಹತ್ತಿರ ನಿಲ್ಲಿಸಿ ಅವಳು ಹಿಂದಕ್ಕೆ ಹೋದಾಗ ಅತ್ತೆ ಹಾಗೆಯೇ, ಕೈ ಎದೆಯ ಮೇಲಿಟ್ಟುಕೊಂಡು, ಕಣ್ಣು ಕಿರಿದು ಮಾಡಿಕೊಂಡು ಮಲಗಿದ್ದರು.

"ಯಾಕೆ ನಿಲ್ಲಿಸ್ದೆ? ಆ ಬಂಡೆ ಇನ್ನೂ ಎಷ್ಟು ದೂರ?" ಎಂದರು.

ಅವಳು ಗಾಡಿಯ ಅಂಚು ಹಿಡಿದುಕೊಂಡು ಅತ್ತಳು. ಅತ್ತೆಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಅವರೂ ಮಲಗಿದಲ್ಲೇ ಅತ್ತರು, ಕಣ್ಣೀರು ಎರಡೂ ಕಿವಿಗೆ ಹರಿಯಿತು.

ಮನೆಗೆ ಬಂದು ಅವನಿಗೆ ಹೇಳಿದಳು. ಬಂಡೆ ಇನ್ನೂ ಎಷ್ಟು ದೂರ ಎಂದು ಅತ್ತೆ ಕೇಳಿದ್ದನ್ನು ಅತ್ತೆಯ ದನಿಯಲ್ಲೇ ಹೇಳಿದಳು. ಅವನು ಬಹಳ ಹೊತ್ತು ನಕ್ಕ. ಸದ್ದಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು. ಕೆಮ್ಮು ಬಂದರೂ ನಗು ಬಿಡಲಿಲ್ಲ. ಆಮೇಲೆ ಅವಳ ಕೈ ಹಿಡಿದು, ಬೆರಳ ಸಂದಿಯ ಗ್ರೀಸನ್ನು ತನ್ನ ಹೆಬ್ಬೆರಳಿನಿಂದ ಉಜ್ಜುತ್ತಾ, "ಸೀಮೆಎಣ್ಣೆ ಹಾಕಿ ತೊಳ್ಕೋ. ಮಗೂಗೆ ಉಣಿಸೋ ಕೈ" ಎಂದ.

ಅವನು ಹೋದದ್ದು ಒಂದು ಮಧ್ಯಾಹ್ನ, ಅವಳು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ. ಮಗಳು ಬಂದು, "ಅಮ್ಮಾ, ಅಪ್ಪ ನನ್ನ ಓಲೆ ಕೊಡ್ತಾನೇ ಇಲ್ಲ, ಕೈ ಬಿಡ್ತಾ ಇಲ್ಲ" ಎಂದಳು. ಅವಳು ಕೈಯಲ್ಲಿದ್ದ ಅಂಗಿಯನ್ನು ಹಿಂಡಿ, ಕೊಡವಿ, ತಂತಿಗೆ ಹಾಕಿ, ಕ್ಲಿಪ್ಪು ಸಿಕ್ಕಿಸಿ ಆಮೇಲೆ ಒಳಗೆ ಹೋದಳು. ಅದು ಅವನ ಅಂಗಿ.

ಬಂದ ಜನ ಬೇರೆ ಡ್ರೈವರನ್ನು ಕರೆಸೋಣ ಎಂದರು. "ಹೆಂಡತಿಯಾಗಿ ನೀನೇ ಓಡಿಸೋದಾ? ನೋಡೋಕೆ ಚೆನ್ನಾಗಿರುತ್ತಾ?" ಎಂದರು ದೂರದ ನಂಟರೊಬ್ಬರು.

"ಬಂಡೆ ಮೇಲೆ ಎಡಚಕ್ರ ಎಲ್ಲಿ ಇಡ್ಬೇಕು ಅಂತ ನಿಮ್ಮ ಡ್ರೈವರಿಗೆ ಗೊತ್ತಾ?" ಎಂದಳು ಅವಳು. ಅವರಿಗೆ ಅರ್ಥವಾಗಲಿಲ್ಲ. ಅತ್ತೆಗೆ ಆಯಿತು. "ಅವಳೇ ಓಡಿಸ್ಲಿ" ಎಂದರು.

ಎತ್ತಲು ನಿಜವಾಗಿಯೂ ಜನ ಕಡಿಮೆ ಇದ್ದರು. ಮೇಸ್ತ್ರಿ ಒಂದು ಕಡೆ, ಅವಳು ಒಂದು ಕಡೆ, ಪಕ್ಕದ ಮನೆಯವರು ಕಾಲಿನ ಕಡೆ. ಪಕ್ಕದ ಮನೆಯವರಿಗೆ ಬೆನ್ನು ನೋವಿತ್ತು. ತೊಟ್ಟಿಯ ಅಂಚು ಎಲ್ಲರ ಕೈಗೆ ಸರಿಯಾಗಿ ಒದಗಿತು, ಯಾರ ಭುಜವೂ ಏಳಲಿಲ್ಲ. ಮೂರು ಬೆರಳು.

ಕೊನೆಯ ತಿರುವಿನಲ್ಲಿ ಅವಳು ಕಿಟಕಿಯಿಂದ ತಲೆ ಹೊರಹಾಕಿದಳು. ಹೇಳುವ ಅಗತ್ಯವಿರಲಿಲ್ಲ. ಆದರೂ, ರೂಢಿಯಲ್ಲ, ಬೇಕೆಂದೇ ಹೇಳಿದಳು. "ಬಂಡೆ ಬಂತು. ಸ್ವಲ್ಪ ತಡ್ಕೊಳ್ಳಿ." ಹಿಂದೆ ಕೂತವರು ಕಂಬಿ ಹಿಡಿದರು. ಗಾಡಿ ಒಮ್ಮೆ ತೂಗಿತು, ಇಳಿಯಿತು. ಕಂಬಿ ಹಿಡಿದವರು ಹಿಡಿದೇ ಇದ್ದರು, ಬರಲಿರುವುದಕ್ಕೆ ಕಾಯುತ್ತಾ.

ಮಣ್ಣು ಮುಚ್ಚಿದ ಮೇಲೆ ಉಳಿದವರು ನಡೆದು ಇಳಿದರು. ಅತ್ತೆಯನ್ನೂ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅವಳು ಗಾಡಿ ಹೊರಡಿಸಿದಳು. ಹಿಂದೆ ಖಾಲಿ ಸ್ಟ್ರೆಚರು ಗಲಗಲ ಎನ್ನುತ್ತಿತ್ತು. ಬಂಡೆ ದಾಟಿ ಇಳಿಜಾರಿಗೆ ಬಂದಾಗ ಅಡ್ಡ ಬಂದ ನಾಯಿಗೆ ಬ್ರೇಕ್ ಒತ್ತಿದಳು, ಯಾವಾಗಲೂ ಒತ್ತುವಂತೆಯೇ. ಹಿಂದಿನ ಚಕ್ರಗಳು ಕಚ್ಚಿಕೊಂಡು, ಜಲ್ಲಿಯ ಮೇಲೆ ಕರ್ ಎಂದು ಜಾರಿ, ಗಾಡಿ ಅಡ್ಡ ತಿರುಗಿ ನಿಂತಿತು. ಅತ್ತೆ ಮೊಮ್ಮಗಳನ್ನು ಎದೆಗೆ ಅವಚಿಕೊಂಡಿದ್ದರು.

"ಏನಾಯ್ತೇ?"

"ಏನಿಲ್ಲ ಅತ್ತೆ." ಅವಳು ಹ್ಯಾಂಡ್‌ಬ್ರೇಕ್ ಎಳೆದಳು. "ಗಾಡಿ ಇನ್ನೂ ಅವರು ಹಿಂದೆ ಇದಾರೆ ಅಂದ್ಕೊಂಡಿದೆ."

ಅತ್ತೆ ತಿರುಗಿ ಹಿಂದಿನ ಗಾಜಿನಲ್ಲಿ ನೋಡಿದರು. ಮಗಳೂ ನೋಡಿದಳು.

ಅವಳು ಇಳಿದು ಹೋಗಿ, ಸಡಿಲವಾಗಿದ್ದ ಸ್ಟ್ರೆಚರಿಗೆ ಬೆಲ್ಟು ಬಿಗಿದು ಬಂದಳು. ಕೂತು ಬಾಗಿಲು ಹಾಕಿಕೊಂಡಳು. ಒಂದನೇ ಗೇರಿಗೆ ಹಾಕಿ, ಬ್ರೇಕಿನ ಮೇಲಿಂದ ಕಾಲು ತೆಗೆದು, ಗುಡ್ಡದ ಬುಡದವರೆಗೂ ಗೇರಿನ ಹಿಡಿತದಲ್ಲೇ ಗಾಡಿಯನ್ನು ಮೆಲ್ಲಗೆ ಇಳಿಸಿದಳು.